ಹಿಂದಿನ ಜೋಡಿ ಟೈರ್ ತೆಗೆದು ಒಂಟಿ ಹಾಕುವುದು: ಆರು ಚಕ್ರದ ಲಾರಿಗೆ ಲೆಕ್ಕ, ಅಳತೆ, ಕೆಲಸ

ಜಲ್ಲಿ ಕ್ರಷರ್, ಕಲ್ಲು ಕ್ವಾರಿ ಕಡೆ ಓಡುವ ಲಾರಿಗಳಲ್ಲಿ ಹಿಂದಿನ ಜೋಡಿ ಟೈರ್ ನಡುವೆ ಕಲ್ಲು ಸಿಕ್ಕಿಕೊಳ್ಳುವುದು ಮಾಮೂಲಿ. ಚಿಕ್ಕಬಳ್ಳಾಪುರ, ಕೋಲಾರದ ಕ್ವಾರಿ ದಾರಿಗಳಲ್ಲಿ ಹಾರೆ ಹಿಡಿದು ಕಲ್ಲು ಕೀಳುವ ಡ್ರೈವರ್ ಅಪರೂಪವಲ್ಲ. ಕೀಳದೆ ಬಿಟ್ಟರೆ ಎರಡೂ ಟೈರ್‌ಗಳ ಪಕ್ಕೆ ಕುಯ್ದು ಹೋಗುತ್ತದೆ, ಇಲ್ಲವೇ ಹೈವೇ ಹತ್ತಿ ವೇಗ ಹಿಡಿದಾಗ ಕಲ್ಲು ಸಿಡಿದು ಹಿಂದೆ ಬರುವ ಬೈಕಿನವನಿಗೆ ಬಡಿಯುತ್ತದೆ. ಕೆರೆ ಅಂಗಳದಲ್ಲಿ ಹೂಳು ಹೊರುವವರ ಕಾಟ ಬೇರೆ. ಮುಂದಿನ ಚಕ್ರ ಹಸಿ ಮಣ್ಣಿನಲ್ಲಿ ಒಂದು ಜಾಡು ತುಳಿದುಕೊಂಡು ಹೋಗುತ್ತದೆ. ಹಿಂದಿನ ಜೋಡಿ ಆ ಜಾಡಿನಲ್ಲಿ ಹಿಡಿಸುವುದಿಲ್ಲ, ಪಕ್ಕದ ಮಣ್ಣನ್ನು ಹೊಸದಾಗಿ ತುಳಿಯಬೇಕು. ಎಂಜಿನ್‌ಗೆ ಅದು ಎರಡನೇ ಸಲದ ದುಡಿಮೆ. ಮೇಲೆ ಜೋಡಿಯ ಸಂದಿಗೆ ಜೇಡಿ ತುಂಬಿ ಗಟ್ಟಿಯಾದರೆ ಹಿಡಿತ ಎನ್ನುವುದೇ ಇರುವುದಿಲ್ಲ. ಸೇನೆಯ ಎಷ್ಟೋ ಲಾರಿಗಳಲ್ಲಿ ಹಿಂದೆಯೂ ದೊಡ್ಡ ಒಂಟಿ ಚಕ್ರ ಇರುವುದು ಇದೇ ಕಾರಣಕ್ಕೆ: ಹಿಂದಿನದು ಮುಂದಿನದರ ಜಾಡಿನಲ್ಲೇ ಉರುಳಲಿ ಎಂದು.

ಇಷ್ಟು ಕೇಳಿದವರಿಗೆ ಹೊರಗಿನ ಚಕ್ರ ಬಿಚ್ಚಿಟ್ಟರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಹಾಗೆ ಬಿಚ್ಚಿಟ್ಟು ಓಡಿಸಿದ ಲಾರಿಗಳಲ್ಲೇ ಬೋಲ್ಟ್ ಕತ್ತರಿಸುವುದು, ಬೇರಿಂಗ್ ಸುಡುವುದು, ತಿರುವಿನಲ್ಲಿ ಪಲ್ಟಿ ಹೊಡೆಯುವುದು. ಈ ಕೆಲಸದಲ್ಲಿ ಮುಕ್ಕಾಲು ಪಾಲು ತೂಕದ ಲೆಕ್ಕ ಮತ್ತು ಅಳತೆ. ಸ್ಪ್ಯಾನರ್ ಹಿಡಿಯುವುದು ಒಂದೇ ದಿನದ ಮಾತು.

ಮೊದಲು ಆರ್‌ಸಿ ತೆಗೆದು ನೋಡಿ

ಸರಕು ವಾಹನದ ನೋಂದಣಿಯಲ್ಲಿ ಪ್ರತಿ ಆಕ್ಸಲ್‌ಗೆ (ಎಡ ಬಲ ಚಕ್ರಗಳನ್ನು ಹೊರುವ ಅಚ್ಚಿಗೆ) ಎಷ್ಟು ಟೈರ್, ಯಾವ ಸೈಜು, ಆ ಆಕ್ಸಲ್ ಮೇಲೆ ಎಷ್ಟು ತೂಕ ಎಂಬುದೂ ದಾಖಲಾಗಿರುತ್ತದೆ. ಕಂಪನಿ ಕೊಟ್ಟ ಈ ವಿವರ ಬದಲಾಗುವಂತೆ ಮಾಲೀಕ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಅಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕೆಎ-06 ಆಗಲಿ, ಕೆಎ-07, ಕೆಎ-40 ಆಗಲಿ, ಸಾರ್ವಜನಿಕ ರಸ್ತೆಯಲ್ಲಿ ಬಾಡಿಗೆ ಹೊಡೆಯುವ ಲಾರಿಗೆ ಈ ಕೆಲಸ ಮಾಡಬೇಡಿ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್ ತಪಾಸಣೆಗೆ) ನಿಂತಾಗಲೂ ಸಿಕ್ಕಿಬೀಳುತ್ತದೆ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಕೈಯಿಡುವುದೂ ಇಂಥ ಬದಲಾವಣೆಯ ಮೇಲೆಯೇ.

ಕಾನೂನು ಅಡ್ಡ ಬರದಿದ್ದರೂ ಲಾಭದ ಲೆಕ್ಕ ಕೂಡುವುದಿಲ್ಲ. 2018ರ ಜುಲೈ ಅಧಿಸೂಚನೆಯಂತೆ ನಾಲ್ಕು ಟೈರ್ ಇರುವ ಒಂದು ಆಕ್ಸಲ್ ಮೇಲೆ 11.5 ಟನ್ ಬಿಡುತ್ತಾರೆ, ಎರಡೇ ಟೈರ್ ಇದ್ದರೆ 7.5 ಟನ್. ನಾಲ್ಕು ಟನ್ ಬಾಡಿಗೆ ಬಿಟ್ಟುಕೊಟ್ಟು ಒಂಟಿ ಚಕ್ರ ಹಾಕಿಸುವ ಮಾಲೀಕ ಯಾರಿದ್ದಾರೆ?

ಹಾಗಾದರೆ ಯಾರಿಗೆ ಇದು? ಕ್ವಾರಿಯ ಬೇಲಿಯೊಳಗೆ, ತೋಟದೊಳಗೆ, ಕಾರ್ಖಾನೆ ಕಾಂಪೌಂಡಿನೊಳಗೆ ನೀರಿನ ಟ್ಯಾಂಕರ್ ಆಗಿಯೋ ಡೀಸೆಲ್ ಗಾಡಿಯಾಗಿಯೋ ದುಡಿಯುವ ಹಳೇ ಲಾರಿಗೆ. ಮುಚ್ಚಿದ ಆವರಣದೊಳಗೆ ಮಾತ್ರ ಬಳಸಲೆಂದು ಮಾರ್ಪಡಿಸಿದ ವಿಶೇಷ ಬಗೆಯ ಗಾಡಿಯನ್ನು ಕಾಯ್ದೆಯ ವ್ಯಾಖ್ಯಾನವೇ ಮೋಟಾರು ವಾಹನದಿಂದ ಹೊರಗಿಟ್ಟಿದೆ. ಹಾಗಂತ ನೋಂದಣಿಯಾದ ಲಾರಿ ಗೇಟಿನೊಳಗೆ ಹೋದ ಮಾತ್ರಕ್ಕೆ ಆ ಪಟ್ಟಿಗೆ ಸೇರಿಬಿಡುವುದಿಲ್ಲ. ಆರ್‌ಸಿ ಏನು ಮಾಡಬೇಕು ಎಂಬುದನ್ನು ಆರ್‌ಟಿಒದಲ್ಲಿ ಬರವಣಿಗೆಯಲ್ಲಿ ತೀರ್ಮಾನ ಮಾಡಿಕೊಳ್ಳಿ. ಈ ತೋಟದಿಂದ ಆ ತೋಟಕ್ಕೆ ಹೋಗುವಾಗ ಊರ ರಸ್ತೆಯನ್ನು ಹತ್ತು ಮಾರು ದಾಟಿದರೂ ಅದು ರಸ್ತೆಯೇ. ಕೆರೆ ಅಂಗಳವೂ ನಿಮ್ಮ ಕಾಂಪೌಂಡ್ ಅಲ್ಲ.

ತೂಕ ಹಾಕಿಸುವುದು

ಟ್ಯಾಂಕಿಗೆ ಡೀಸೆಲ್ ತುಂಬಿಸಿ, ಡ್ರೈವರ್ ಕೂತಿದ್ದಂತೆ ವೇಬ್ರಿಡ್ಜ್‌ಗೆ ಹೋಗಿ. ಹೋಗುವುದು ಇನ್ನೂ ಜೋಡಿ ಟೈರ್ ಇರುವಾಗಲೇ. ಮೂರು ಚೀಟಿ ಬೇಕು: ಮುಂದಿನ ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ, ಹಿಂದಿನದು ಮಾತ್ರ, ಆಮೇಲೆ ಇಡೀ ಗಾಡಿ. ಮೊದಲೆರಡನ್ನು ಕೂಡಿಸಿದರೆ ಮೂರನೆಯದಕ್ಕೆ ಹತ್ತಿರ ಬರಬೇಕು. ನೂರಿನ್ನೂರು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪ್ಲಾಟ್‌ಫಾರ್ಮ್‌ಗೂ ಪಕ್ಕದ ನೆಲಕ್ಕೂ ಮಟ್ಟ ಸಮ ಇಲ್ಲ ಎಂದರ್ಥ. ಬೇರೆ ಕಡೆ ತೂಗಿಸಿ.

ಒಂದು ಉದಾಹರಣೆ ಹಿಡಿಯೋಣ. ಬರೀ ಛಾಸಿ ಮತ್ತು ಕ್ಯಾಬಿನ್: ಮುಂದೆ 3,100 ಕೆ.ಜಿ., ಹಿಂದೆ 2,900 ಕೆ.ಜಿ. ಇದಕ್ಕೆ 5,000 ಲೀಟರ್ ನೀರಿನ ಟ್ಯಾಂಕ್ ಕೂರಿಸಬೇಕು. ಖಾಲಿ ಟ್ಯಾಂಕ್ 900 ಕೆ.ಜಿ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳ ಅಂತರ, 4.25 ಮೀಟರ್, ಟ್ಯಾಂಕಿನ ನಡುಮಧ್ಯ ಮುಂದಿನ ಆಕ್ಸಲ್‌ನಿಂದ 3.4 ಮೀಟರ್ ಹಿಂದೆ ಬರುತ್ತದೆ. 3.4ನ್ನು 4.25ರಿಂದ ಭಾಗಿಸಿದರೆ 0.8. ಅಂದರೆ ಹೇರಿದ್ದರಲ್ಲಿ ನೂರಕ್ಕೆ 80 ಪಾಲು ಹಿಂದಿನ ಆಕ್ಸಲ್ ಮೇಲೆ ಕೂರುತ್ತದೆ. 5,900 ಕೆ.ಜಿ.ಯಲ್ಲಿ 4,720 ಹಿಂದಕ್ಕೆ. ಮೊದಲಿನ 2,900 ಸೇರಿ 7,620 ಕೆ.ಜಿ. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಟೈರ್ ಆರಿಸುವಾಗ ಬೇಕು.

ಹೂಳು ಅಥವಾ ಜಲ್ಲಿ ಹೇರುವವರು ಯೂನಿಟ್‌ನಲ್ಲಿ ಮಾತಾಡುತ್ತಾರೆ. ಒಂದು ಯೂನಿಟ್ ಅಂದರೆ 100 ಘನ ಅಡಿ, 2.83 ಘನ ಮೀಟರ್. ಹಸಿ ಹೂಳು ಘನ ಮೀಟರಿಗೆ 1.7 ಟನ್ ಹಿಡಿದರೂ ಒಂದು ಯೂನಿಟ್ 4.8 ಟನ್ ಆಯಿತು. ಒಂಟಿ ಟೈರ್ ಗಾಡಿಗೆ ಎರಡು ಯೂನಿಟ್ ಎಂಬ ಮಾತೇ ಇಲ್ಲ.

ಯಾವ ಟೈರ್

ಟೈರ್ ಪಕ್ಕದಲ್ಲಿ 146/143ಕೆ ಎಂಬಂಥ ಬರಹ ಇರುತ್ತದೆ. ಮೊದಲ ಅಂಕಿ ಒಂಟಿಯಾಗಿ ಹಾಕಿದಾಗಿನದು, ಎರಡನೆಯದು ಜೋಡಿಯಲ್ಲಿ ಹಾಕಿದಾಗಿನದು. ಅದು ಕೆ.ಜಿ. ಅಲ್ಲ, ಸಂಕೇತ. 146 ಅಂದರೆ 3,000 ಕೆ.ಜಿ., 143 ಅಂದರೆ 2,725 ಕೆ.ಜಿ. ಜೋಡಿಯಲ್ಲಿ ಕಡಿಮೆ ಯಾಕೆ? ಎರಡು ಟೈರ್ ಯಾವತ್ತೂ ಸರಿಸಮ ಹೊರುವುದಿಲ್ಲ. ರಸ್ತೆಯ ಉಬ್ಬು, ಗಾಳಿಯ ವ್ಯತ್ಯಾಸ, ಸವೆತದ ವ್ಯತ್ಯಾಸ ಎಲ್ಲ ಸೇರಿ ಒಂದರ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಒಳಗಿನದಕ್ಕೆ ಗಾಳಿಯೂ ಸರಿಯಾಗಿ ತಾಗದೆ ಬಿಸಿ ಹೆಚ್ಚು.

ಇಲ್ಲಿ ಸಾಮಾನ್ಯವಾಗಿ ಕಾಣುವ 10.00ಆರ್20 ರೇಡಿಯಲ್ ಈ 146/143ರದು. ನಾಲ್ಕು ಟೈರ್ ಜೋಡಿಯಲ್ಲಿ 10,900 ಕೆ.ಜಿ. ಹೊರುತ್ತವೆ. ಎರಡನ್ನು ಬಿಚ್ಚಿಟ್ಟರೆ ಉಳಿದದ್ದು 6,000. ನಮ್ಮ ಉದಾಹರಣೆಯ 7,620 ಇದರಲ್ಲಿ ಹಿಡಿಯುವುದಿಲ್ಲ. ಅಂಥ ಗಾಡಿಯಲ್ಲಿ ಹೊರಚಕ್ರ ಬಿಚ್ಚಿ ಓಡಿಸುವುದು ಪ್ರತಿ ಟೈರ್ ಮೇಲೆ 800 ಕೆ.ಜಿ. ಓವರ್‌ಲೋಡ್ ಹಾಕಿದ ಹಾಗೆ.

ಮುಂದಿನ ಮೆಟ್ಟಿಲು 12.00ಆರ್20. ಒಂಟಿ ಅಂಕಿ 154 ಇದ್ದರೆ ಒಂದೊಂದಕ್ಕೆ 3,750, ಎರಡಕ್ಕೆ 7,500. ಇದೂ ಕೂದಲೆಳೆಯಷ್ಟು ಕಡಿಮೆ. 385/65ಆರ್22.5, ಟ್ರೇಲರ್‌ಗಳಿಗೆ ಬರುವ ಅಗಲದ ಟ್ಯೂಬ್‌ಲೆಸ್, 160ರದಾದರೆ 4,500ರಂತೆ 9,000 ಕೆ.ಜಿ. ಹೊರುತ್ತದೆ. 14.00ಆರ್20 164ರದು 5,000ರಂತೆ 10,000 ಕೆ.ಜಿ. ಹೊರುತ್ತದೆ ನಿಜ, ಆದರೆ ಅದರ ಎತ್ತರ ಸುಮಾರು 1,260 ಮಿ.ಮೀ. 10.00ಆರ್20 ಇರುವುದು 1,055ರ ಆಸುಪಾಸು. ಹಿಂಭಾಗ ನಾಲ್ಕು ಇಂಚು ಮೇಲೇಳುತ್ತದೆ, ಗೇರಿನ ಎಳೆತ ಆರನೇ ಒಂದರಷ್ಟು ಕುಗ್ಗುತ್ತದೆ, ಬ್ರೇಕಿಗೂ ಅಷ್ಟೇ ಪೆಟ್ಟು. ಮುಂದೂ ಅದೇ ಟೈರ್ ಹಾಕಿ, ಗೇರ್ ಅನುಪಾತವನ್ನೂ ಬದಲಿಸುವವರಿಗೆ ಮಾತ್ರ ಅದು.

385/65ಆರ್22.5ರ ಎತ್ತರ 1,072 ಮಿ.ಮೀ. ಹಳೆಯದಕ್ಕೂ ಇದಕ್ಕೂ ಹದಿನೇಳು ಮಿ.ಮೀ. ವ್ಯತ್ಯಾಸ. ಸ್ಪೀಡೋಮೀಟರ್, ಬ್ರೇಕ್, ಗೇರ್ ಯಾವುದನ್ನೂ ಮುಟ್ಟಬೇಕಿಲ್ಲ. ಹಣ ಹಾಕುವುದಾದರೆ ಇದಕ್ಕೇ ಹಾಕಿ. ಒಂದು ಮಾತು ನೆನಪಿರಲಿ: ಇದರಲ್ಲಿ ಟ್ರೇಲರ್‌ಗೆಂದೇ ಮಾಡಿದವೂ ಇವೆ, ಅವುಗಳ ಗೀರು ಉದ್ದಕ್ಕೆ ಇರುತ್ತದೆ. ಎಂಜಿನ್ ತಿರುಗಿಸುವ ಆಕ್ಸಲ್‌ಗೆ ಕೆಸರಿನಲ್ಲಿ ಕಚ್ಚುವ ಬ್ಲಾಕ್ ಗೀರಿನದು ಬೇಕು. ಉದ್ದ ಗೀರಿನದು ಹಾಕಿ ಹಸಿ ಜೇಡಿಗೆ ಇಳಿದರೆ ಜೋಡಿಯೇ ವಾಸಿ ಅನ್ನಿಸುತ್ತದೆ.

ಟೈರ್ ಬದಲು ಟ್ಯಾಂಕನ್ನೇ ಚಿಕ್ಕದು ಮಾಡುವುದು ಇನ್ನೊಂದು ದಾರಿ, ಅಗ್ಗದ್ದೂ ಹೌದು. 4,000 ಲೀಟರ್ ಹಿಡಿದರೆ ಹಿಂದಿನ ಭಾರ 6,820ಕ್ಕೆ ಇಳಿಯುತ್ತದೆ, 12.00ಆರ್20 ಸಾಕು. ದೊಡ್ಡ ಟ್ಯಾಂಕಿನಲ್ಲಿ ಕಡಿಮೆ ನೀರು ತುಂಬಿಸಿದರಾಯಿತು ಅಂದುಕೊಳ್ಳಬೇಡಿ. ಅರೆ ತುಂಬಿದ ಟ್ಯಾಂಕಿನಲ್ಲಿ ನೀರು ತುಳುಕುವುದು ತುಂಬಿದ್ದಕ್ಕಿಂತ ಹೆಚ್ಚು, ಒಂಟಿ ಚಕ್ರಕ್ಕೆ ಆ ತುಳುಕಾಟವೇ ಶತ್ರು. ಒಳಗೆ ಅಡ್ಡತಗಡು ಹೊಡೆಸಿರಬೇಕು.

ಡಿಸ್ಕ್: ಎಲ್ಲ ಎಡವುವುದು ಇಲ್ಲೇ

ಟೈರ್ ಕೂರುವ ಕಬ್ಬಿಣದ ಚಕ್ರಕ್ಕೆ ಡಿಸ್ಕ್ ಎನ್ನುತ್ತಾರೆ. ಜೋಡಿ ಚಕ್ರದ ಡಿಸ್ಕ್ ತಟ್ಟೆಯ ಹಾಗೆ ಗುಳಿಬಿದ್ದಿರುತ್ತದೆ. ಒಳಗಿನದೂ ಹೊರಗಿನದೂ ಒಂದೇ ಡಿಸ್ಕ್. ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿರುತ್ತಾರೆ. ಹಬ್ಬಿಗೆ (ಆಕ್ಸಲ್ ತುದಿಯಲ್ಲಿ ಡಿಸ್ಕನ್ನು ಬೋಲ್ಟ್ ಹಾಕಿ ಕೂರಿಸುವ ಭಾಗಕ್ಕೆ) ತಾಗುವ ಮುಖದಿಂದ ಟೈರಿನ ನಡುಗೆರೆಗೆ ಇರುವ ದೂರಕ್ಕೆ ಆಫ್‌ಸೆಟ್ ಎನ್ನುತ್ತಾರೆ. 10.00-20ಕ್ಕೆ ಬರುವ 7.5-20 ಡಿಸ್ಕಿನಲ್ಲಿ ಇದು 165 ಮಿ.ಮೀ. ಆಸುಪಾಸು. ಒಳಗಿನ ಟೈರ್ ಹಬ್ ಮುಖದಿಂದ 165 ಒಳಕ್ಕೆ, ಹೊರಗಿನದು 165 ಹೊರಕ್ಕೆ. ಇಬ್ಬರೂ ಸೇರಿ ಹೊರುವ ಭಾರದ ಗೆರೆ ಸರಿಯಾಗಿ ಹಬ್ ಮುಖದ ಮೇಲೆ ಬೀಳುತ್ತದೆ. ಹಬ್, ಬೇರಿಂಗ್, ಹೌಸಿಂಗ್ (ಹಿಂದಿನ ಆಕ್ಸಲ್‌ನ ಕವಚ) ಮಾಡಿದವರು ಲೆಕ್ಕ ಹಾಕಿರುವುದು ಈ ಗೆರೆಗೆ.

ಒಂದು ಚಕ್ರ ತೆಗೆದ ಕೂಡಲೇ ಗೆರೆ 165 ಮಿ.ಮೀ. ಸರಿಯಿತು. 3,000 ಕೆ.ಜಿ. ಹೊತ್ತ ಚಕ್ರವಾದರೆ 3,000ಕ್ಕೆ 0.165 ಗುಣಿಸಿ: ಹಬ್ಬಿನ ಮೇಲೆ 495 ಕೆ.ಜಿ.-ಮೀಟರ್ ತಿರುಚುವ ಬಲ. ಒಂದು ಮೀಟರ್ ಉದ್ದದ ಪೈಪಿನ ತುದಿಗೆ ನೂರು ಕೆ.ಜಿ.ಯ ಐದು ಮೂಟೆ ಕಟ್ಟಿ ಹಬ್ಬನ್ನು ಸದಾ ಮೀಟುತ್ತಿದ್ದ ಹಾಗೆ. ಹೊರಗಿನ ಚಕ್ರ ಮಾತ್ರ ಉಳಿಸಿದರೆ ಹೌಸಿಂಗ್ ತುದಿಗೂ ಬಾಗುವ ಪೆಟ್ಟು ಹೆಚ್ಚು, ಹೊರ ಬೇರಿಂಗ್ ಮೊದಲು ಹೋಗುತ್ತದೆ. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಒಳಗಿನದನ್ನು ಉಳಿಸಿದರೆ ಹೌಸಿಂಗ್ ಉಳಿಯುತ್ತದೆ, ಒಳ ಬೇರಿಂಗ್ ನರಳುತ್ತದೆ, ಗಾಡಿಯ ಕಾಲಗಲವೂ ಕುಗ್ಗುತ್ತದೆ. ಎಡ ಬಲ ಹಬ್ ಮುಖಗಳ ನಡುವೆ 1,820 ಮಿ.ಮೀ. ಇದೆ ಅನ್ನಿ. ಜೋಡಿಯಲ್ಲಿ ಹೊರ ಅಂಚಿನಿಂದ ಹೊರ ಅಂಚಿಗೆ ಸುಮಾರು 2,430 ಇರುತ್ತದೆ. ಒಳಗಿನದು ಮಾತ್ರ ಉಳಿದರೆ 1,770. ಎರಡಡಿಗೂ ಹೆಚ್ಚು ಕಡಿತ! ಇಷ್ಟು ಕಿರಿದಾದ ಕಾಲಿನ ಮೇಲೆ ಎತ್ತರದ ನೀರಿನ ಟ್ಯಾಂಕ್ ಇಟ್ಟು ಕೆರೆ ಏರಿಯ ಓರೆಯಲ್ಲಿ ತಿರುಗಿಸಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಸರಿಯಾದ ಪರಿಹಾರ ಆಫ್‌ಸೆಟ್ ಸೊನ್ನೆಯ ಡಿಸ್ಕ್. 385ಕ್ಕೆ 11.75×22.5 ಡಿಸ್ಕ್ ಬೇಕು. ಅದು ಎರಡು ಬಗೆಯಲ್ಲಿ ಬರುತ್ತದೆ. ಒಂಟಿ ಟೈರಿಗೆಂದೇ ಮಾಡಿದ ಟ್ರೇಲರ್ ಆಕ್ಸಲ್‌ಗೆ ಹಾಕುವುದು 120 ಆಫ್‌ಸೆಟ್‌ನದು. ಜೋಡಿ ಟೈರಿನ ಹಬ್ಬಿಗೆ ಹಾಕಲು ಸೊನ್ನೆಯದು. ಗುಜರಿಯಲ್ಲಿ ಸಿಗುವುದು ಹೆಚ್ಚಾಗಿ 120ರದು, ಅಂಗಡಿಯವರು ಎರಡೂ ಒಂದೇ ಎನ್ನುತ್ತಾರೆ. ಅಳೆಯದೆ ತರಬೇಡಿ. ಡಿಸ್ಕನ್ನು ನೆಲದ ಮೇಲೆ ಮಲಗಿಸಿ, ಅಂಚಿನ ಮೇಲೆ ನೇರ ಪಟ್ಟಿ ಅಡ್ಡ ಇಟ್ಟು, ಪಟ್ಟಿಯಿಂದ ಹಬ್ಬಿಗೆ ತಾಗುವ ಮುಖಕ್ಕೆ ಎಷ್ಟು ಆಳ ಎಂದು ಅಳೆಯಿರಿ. ಡಿಸ್ಕಿನ ಒಟ್ಟು ಹೊರ ಅಗಲದ ಅರ್ಧಕ್ಕೂ ಈ ಅಳತೆಗೂ ಇರುವ ವ್ಯತ್ಯಾಸವೇ ಆಫ್‌ಸೆಟ್. ಎರಡೂ ಸಮ ಬಂದರೆ ಸೊನ್ನೆ. ಆಗ ಮೇಲಿನ ಲೆಕ್ಕದ ಗಾಡಿಯಲ್ಲಿ ಹೊರ ಅಂಚುಗಳ ನಡುವೆ 2,205 ಮಿ.ಮೀ. ಉಳಿಯುತ್ತದೆ, ಬೇರಿಂಗ್ ಮೇಲಿನ ಗೆರೆಯೂ ಕದಲುವುದಿಲ್ಲ.

12.00ಆರ್20 ಹಾಕುವವರಿಗೆ ಈ ಸೌಕರ್ಯ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ 8.5-20 ಡಿಸ್ಕ್ ಬೇಕು, ಹಳೆಯ 7.5-20ರ ಮೇಲೆ ಏರಿಸಬಾರದು. ಆ 8.5ರದ್ದೂ ಗುಳಿ ಡಿಸ್ಕೇ ಆಗಿರುವುದರಿಂದ ಒಳಚಕ್ರದ ಜಾಗದಲ್ಲೇ ಕೂರಬೇಕು. ಅಗಲ ಜಾಸ್ತಿಯಾದ ಟೈರ್ ಸ್ಪ್ರಿಂಗ್ ಪಟ್ಟಿ ಕಡೆಗೆ ಇನ್ನಷ್ಟು ಒತ್ತುತ್ತದೆ. ಹೀಗೆ ಹಾಕಿದ ಗಾಡಿಗೆ ಟೈರಿನ ಅಂಕಿ ಏನೇ ಇರಲಿ, ಸಮತಟ್ಟು ನೆಲ, ನಿಧಾನದ ಓಟ, ತಗ್ಗಿನ ಟ್ಯಾಂಕ್ ಈ ಮೂರೂ ಬೇಕು. ಒಂದು ಇಲ್ಲದಿದ್ದರೂ ಈ ದಾರಿ ಬೇಡ. ಲೇತಿನಲ್ಲಿ ಡಿಸ್ಕ್ ಕತ್ತರಿಸಿ, ಸರಿಸಿ, ವೆಲ್ಡ್ ಮಾಡಿ ಆಫ್‌ಸೆಟ್ ಸೊನ್ನೆ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಟ್ರ್ಯಾಕ್ಟರ್ ಟ್ರೇಲರಿಗೆ ನಡೆದದ್ದು ಲಾರಿಗೆ ನಡೆಯುವುದಿಲ್ಲ. ವೆಲ್ಡ್ ಪಕ್ಕದ ಕಬ್ಬಿಣ ಕೆಲವು ತಿಂಗಳಲ್ಲಿ ಕೂದಲು ಬಿರುಕು ಬಿಟ್ಟು, ಬೋಲ್ಟ್ ವೃತ್ತವೇ ಕಳಚಿ ಬರುತ್ತದೆ.

ಬೋಲ್ಟ್ ವೃತ್ತವನ್ನೂ ನೋಡಿ. ಹತ್ತು ಬೋಲ್ಟಿನ ಹಬ್ಬುಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು 335 ಮಿ.ಮೀ. ವೃತ್ತ. ಎದುರುಬದುರಿನ ಎರಡು ಬೋಲ್ಟಿನ ನಡುಮಧ್ಯಗಳ ಅಂತರ ಅಳೆದರೆ ಗೊತ್ತಾಗುತ್ತದೆ. ನಡುತೂತು ಹಬ್ಬಿನ ಮೇಲೆ ಬಿಗಿಯಾಗಿ ಕೂರಬೇಕು.

ಕೆಲಸದ ದಿನ

ಕೈಯಲ್ಲಿರಬೇಕಾದದ್ದು: ಎರಡು ಹೊಸ ಟೈರ್ ಮತ್ತು ಸ್ಟೆಪ್ನಿಗೆ ಮೂರನೆಯದು, ಮೂರು ಡಿಸ್ಕ್, ಇಪ್ಪತ್ತು ವೀಲ್ ಬೋಲ್ಟ್, ಇಪ್ಪತ್ತು ನಟ್, ಎರಡು ಹಬ್ ಆಯಿಲ್ ಸೀಲ್, ಎರಡು ಆಕ್ಸಲ್ ಶಾಫ್ಟ್ ಗ್ಯಾಸ್ಕೆಟ್, ಬೇರಿಂಗ್ ಗ್ರೀಸ್, 20 ಟನ್ನಿನ ಜಾಕಿ, ಟಾರ್ಕ್ ವ್ರೆಂಚ್ (ನಟ್ ಎಷ್ಟು ಬಿಗಿಯಾಯಿತೆಂದು ತೋರಿಸುವ ಸ್ಪ್ಯಾನರ್). ಸ್ಟೆಪ್ನಿ ಬೇಡ ಎಂದು ಉಳಿತಾಯ ಮಾಡಬೇಡಿ. ಜೋಡಿಯಲ್ಲಿ ಒಂದು ಪಂಕ್ಚರಾದರೆ ಇನ್ನೊಂದರ ಮೇಲೆ ಕುಂಟುತ್ತ ಶೆಡ್ಡು ಸೇರಬಹುದಿತ್ತು. ಒಂಟಿಯಲ್ಲಿ ಗಾಡಿ ನಿಂತಲ್ಲೇ ಕೂತಿತು, ಮುಂದಿನ ಹಳೇ ಸೈಜಿನ ಸ್ಟೆಪ್ನಿ ಹಿಂದಕ್ಕೆ ಬರುವುದಿಲ್ಲ.

ಗಾಡಿ ಖಾಲಿ ಇರಬೇಕು, ನೆಲ ಗಟ್ಟಿ ಇರಬೇಕು. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಚಕ್ರ ಮೇಲೆದ್ದಾಗ ಹ್ಯಾಂಡ್ ಬ್ರೇಕ್ ಗಾಡಿಯನ್ನು ಹಿಡಿಯುವುದಿಲ್ಲ. ಚಕ್ರ ನೆಲದಲ್ಲಿರುವಾಗಲೇ ನಟ್‌ಗಳನ್ನು ಕಾಲು ಸುತ್ತು ಸಡಿಲಿಸಿ. ಕೆಲವು ಹಳೇ ಲಾರಿಗಳ ಎಡಗಡೆ ಬೋಲ್ಟ್‌ಗೆ ಎಡ ಥ್ರೆಡ್ ಇರುತ್ತದೆ, ಬಿಚ್ಚುತ್ತಿದ್ದೇನೆಂದು ಬಿಗಿ ಮಾಡಿ ಬೋಲ್ಟ್ ಮುರಿಯಬೇಡಿ. ಬೋಲ್ಟಿನ ತಲೆಯ ಮೇಲೆ ಸಾಮಾನ್ಯವಾಗಿ ಗುರುತು ಇರುತ್ತದೆ.

ಲಾಕ್ ರಿಂಗ್ ಡಿಸ್ಕಿನ (ಟೈರನ್ನು ಹಿಡಿದಿಡಲು ಅಂಚಿಗೆ ಬಿಡಿ ಉಂಗುರ ಕೂರಿಸಿದ) ಚಕ್ರವಾದರೆ, ನಟ್ ಪೂರ್ತಿ ತೆಗೆಯುವ ಮೊದಲು ಎರಡೂ ಟೈರಿನ ವಾಲ್ವ್ ಪಿನ್ ಬಿಚ್ಚಿ ಗಾಳಿ ಸಂಪೂರ್ಣ ಇಳಿಸಿ. ಬಿರುಕು ಬಿಟ್ಟ ಡಿಸ್ಕನ್ನು ಹಿಡಿದಿಟ್ಟಿರುವುದು ಎಷ್ಟೋ ಸಲ ನಟ್‌ಗಳೇ. ನಟ್ ಬಂದ ಕ್ಷಣ ರಿಂಗ್ ಸಿಡಿದರೆ ಎದುರಿಗಿದ್ದವರು ಉಳಿಯುವುದಿಲ್ಲ.

ಜಾಕಿ ಹೌಸಿಂಗ್ ಕೆಳಗೆ, ಸ್ಪ್ರಿಂಗ್ ಕೂರುವ ಜಾಗದ ಪಕ್ಕ. ನಡುವಿನ ಉಬ್ಬಿದ ಭಾಗಕ್ಕೆ, ಅಂದರೆ ಎರಡೂ ಚಕ್ರಕ್ಕೆ ಎಳೆತ ಹಂಚುವ ಡಿಫರೆನ್ಷಿಯಲ್ ಇರುವ ಕಡೆಗೆ, ಕೊಡಬೇಡಿ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡೋ ರೈಲ್ವೆ ಸ್ಲೀಪರ್ ತುಂಡುಗಳೋ ಕೊಟ್ಟು ಭಾರ ಅದರ ಮೇಲೆ ಇಳಿಸಿ. ಟೈರ್ ಕೂಡಿದ ಒಂದು ಚಕ್ರ ನೂರು ಕೆ.ಜಿ. ಆಸುಪಾಸು ಇರುತ್ತದೆ, ಹಾರೆ ಮೀಟಿ ಜಾರಿಸಿ, ತೊಡೆ ಕೊಟ್ಟು ಎತ್ತಬೇಡಿ.

ಚಕ್ರ ಹೊರಗೆ ಬಂದಿರುವಾಗ ಹಬ್ ಬಿಚ್ಚದೆ ಬಿಡುವುದು ದಡ್ಡತನ. ಶಾಫ್ಟ್ ಎಳೆದು, ಬೇರಿಂಗ್ ತೊಳೆದು ನೋಡಿ. ರೋಲರ್ ಮೇಲೆ ನೀಲಿ ಬಣ್ಣ, ಬೇರಿಂಗ್‌ನ ಕಪ್‌ನಲ್ಲಿ (ಹೊರ ಉಂಗುರದಲ್ಲಿ) ಸಣ್ಣ ಗುಳಿ ಕಂಡರೆ ಎರಡೂ ಕಡೆ ಬದಲಿಸಿ. ಆಯಿಲ್ ಸೀಲ್ ಹಳೆಯದನ್ನು ಮತ್ತೆ ಹಾಕಬೇಡಿ, ಸೋರಿದ ಎಣ್ಣೆ ಬ್ರೇಕ್ ಲೈನಿಂಗ್‌ಗೆ ಹೋಗುತ್ತದೆ. ಬೇರಿಂಗ್ ಬಿಗಿತ ಆಯಾ ಮಾಡೆಲ್‌ನ ಮ್ಯಾನ್ಯುಯಲ್ ಹೇಳಿದಷ್ಟೇ ಇರಲಿ.

ಈಗ ಬೋಲ್ಟು. ಹಳೇ ಬೋಲ್ಟ್ ಎರಡು ಡಿಸ್ಕ್‌ಗಳ ದಪ್ಪಕ್ಕೆ ಮಾಡಿದ್ದು. ಒಂದೇ ಡಿಸ್ಕ್ ಇದ್ದಾಗ ನಟ್ ಒಂದು ಡಿಸ್ಕಿನ ದಪ್ಪದಷ್ಟು, ಅಂದರೆ ಸುಮಾರು ಅರ್ಧ ಇಂಚು, ಹೆಚ್ಚು ಒಳಕ್ಕೆ ಓಡಬೇಕು. ಅಷ್ಟು ಥ್ರೆಡ್ ಇಲ್ಲದಿದ್ದರೆ ನಟ್ ಥ್ರೆಡ್ ಮುಗಿದಲ್ಲಿ ಕಚ್ಚಿಕೊಳ್ಳುತ್ತದೆ. ಕೈಗೆ ಬಿಗಿಯಾಯಿತು ಅನ್ನಿಸುತ್ತದೆ, ಟಾರ್ಕ್ ವ್ರೆಂಚ್ ಕೂಡ ಟಕ್ ಎನ್ನುತ್ತದೆ, ಡಿಸ್ಕ್ ಮಾತ್ರ ಹಬ್ಬಿಗೆ ಒತ್ತಿರುವುದಿಲ್ಲ. ಈ ಕೆಲಸದಲ್ಲಿ ಕಣ್ಣಿಗೆ ಕಾಣದ, ಪ್ರಾಣಕ್ಕೇ ಬರುವ ತಪ್ಪು ಇದು. ಪರೀಕ್ಷೆ ಸುಲಭ: ಚಕ್ರ ಹಾಕುವ ಮೊದಲು ಬರಿ ಬೋಲ್ಟಿಗೆ ನಟ್ ಕೈಯಲ್ಲಿ ಕೊನೆವರೆಗೆ ತಿರುಗಿಸಿ, ಹಬ್ ಮುಖದಿಂದ ನಟ್‌ಗೆ ಉಳಿದ ಅಂತರ ಅಳೆಯಿರಿ. ಆ ಅಂತರ ಹೊಸ ಡಿಸ್ಕಿನ ದಪ್ಪಕ್ಕಿಂತ ಸ್ಪಷ್ಟವಾಗಿ ಕಡಿಮೆ ಇರಬೇಕು. ಇಲ್ಲದಿದ್ದರೆ ಒಂಟಿ ಡಿಸ್ಕಿಗೆ ತಕ್ಕ ಉದ್ದದ ಬೋಲ್ಟ್ ಹಾಕಿಸಿ. ವಾಷರ್ ಮೇಲೆ ವಾಷರ್ ಪೇರಿಸುವುದು, ಹಳೇ ಡಿಸ್ಕ್ ಕತ್ತರಿಸಿ ಉಂಗುರ ಮಾಡಿ ತುರುಕುವುದು ಎರಡೂ ಬೇಡ. ನಟ್ ಮುಖವೂ ಡಿಸ್ಕಿನ ತೂತಿಗೆ ಹೊಂದಬೇಕು: ಇಳಿಜಾರು ತೂತಿಗೆ ಇಳಿಜಾರು ಮುಖದ ನಟ್, ಚಪ್ಪಟೆಗೆ ವಾಷರ್ ಕೂಡಿದ ಚಪ್ಪಟೆ ನಟ್.

ಹಬ್ ಮುಖ, ಡಿಸ್ಕ್ ಮುಖ ಎರಡನ್ನೂ ತಂತಿ ಬ್ರಷ್ ಹೊಡೆದು ಬರಿ ಕಬ್ಬಿಣ ಕಾಣುವವರೆಗೆ ಉಜ್ಜಿ. ಹೊಸ ಡಿಸ್ಕಿಗೆ ಚಂದ ಕಾಣಲೆಂದು ಎರಡು ಕೋಟ್ ಬಣ್ಣ ಹೊಡೆಸಿ ತಂದಿದ್ದರೆ ತಾಗುವ ಜಾಗದಲ್ಲಿ ಕೆರೆದು ಹಾಕಿ. ಬಿಸಿಗೆ ಬಣ್ಣ ಹಿಂಡಿ ತೆಳುವಾದಷ್ಟೂ ನಟ್ ಸಡಿಲವಾಗುತ್ತದೆ.

ಚಕ್ರ ಏರಿಸಿ, ಹತ್ತೂ ನಟ್ ಕೈಯಲ್ಲಿ ತಿರುಗಿಸಿ, ಎದುರುಬದುರಾಗಿ ಬಿಗಿ ಮಾಡುತ್ತ ಹೋಗಿ. ಮೂರು ಸುತ್ತು: ಮೊದಲು ಮೂರನೇ ಒಂದು, ಆಮೇಲೆ ಮೂರನೇ ಎರಡು, ಗಾಡಿ ನೆಲಕ್ಕಿಳಿಸಿದ ಮೇಲೆ ಪೂರ್ತಿ. 22 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 600 ನ್ಯೂಟನ್-ಮೀಟರ್ ಆಸುಪಾಸು. ನಿಖರ ಅಂಕಿ ಮ್ಯಾನ್ಯುಯಲ್‌ನಲ್ಲಿದೆ. 600 ಅಂದರೆ ಒಂದು ಮೀಟರ್ ಪೈಪಿನ ತುದಿಯಲ್ಲಿ 61 ಕೆ.ಜಿ. ತೂಗಿದಷ್ಟು. ಎರಡು ಮೀಟರ್ ಪೈಪ್ ಹಾಕಿ 80 ಕೆ.ಜಿ. ಆಳು ಅದರ ಮೇಲೆ ನಿಂತರೆ 1,570 ಆಯಿತು, ಎರಡೂವರೆ ಪಟ್ಟಿಗೂ ಹೆಚ್ಚು. ಬೋಲ್ಟ್ ಅವತ್ತು ಮುರಿಯುವುದಿಲ್ಲ, ಹಿಗ್ಗುತ್ತದೆ. ಮುರಿಯುವುದು ಲೋಡ್ ಹಾಕಿದ ದಿನ.

ಇಳಿಸುವ ಮೊದಲು ಕೆಲವು ಕಡೆ ಕಣ್ಣಾಡಿಸಿ. ವಾಲ್ವ್ ಡ್ರಮ್ಮಿಗೆ ತಾಗಬಾರದು, ಹೊರಗಿನಿಂದ ಗಾಳಿ ಹಿಡಿಯಲು ಬರಬೇಕು. ಟೈರ್ ಪಕ್ಕೆಗೂ ಸ್ಪ್ರಿಂಗ್ ಪಟ್ಟಿ, ಯು-ಬೋಲ್ಟ್, ಬ್ರೇಕ್ ಛೇಂಬರ್‌ಗೂ ನಡುವೆ 40 ಮಿ.ಮೀ. ಬಿಡುವಿರಲಿ, ಲೋಡ್ ಬಿದ್ದಾಗ ಪಕ್ಕೆ ಉಬ್ಬುತ್ತದೆ. ಚಕ್ರ ತಿರುಗಿಸಿ ಪಕ್ಕದಲ್ಲಿ ಕಡ್ಡಿ ಹಿಡಿದು ನೋಡಿ, 3 ಮಿ.ಮೀ.ಗಿಂತ ಹೆಚ್ಚು ಓಲಾಡಿದರೆ ಡಿಸ್ಕ್ ಮುಖದಲ್ಲಿ ಕಸ ಸಿಕ್ಕಿದೆ, ಇಲ್ಲವೇ ಡಿಸ್ಕೇ ಸೊಟ್ಟ.

ಗಾಳಿ, ಓಟ, ತೊಂದರೆ

160ರ 385 ಟೈರ್ ಪೂರ್ತಿ 4,500 ಕೆ.ಜಿ. ಹೊರಬೇಕಾದರೆ 130 ಪಿಎಸ್‌ಐ ಗಾಳಿ ಬೇಕು. ಎಷ್ಟೋ ಪಂಕ್ಚರ್ ಅಂಗಡಿಗಳ ಕಂಪ್ರೆಸರ್ ಅಷ್ಟಕ್ಕೆ ಏರುವುದೇ ಇಲ್ಲ, 100ಕ್ಕೆ ನಿಲ್ಲಿಸಿ ಸಾಕು ಎನ್ನುತ್ತಾರೆ. ನಿಮ್ಮ ಭಾರಕ್ಕೆ ಎಷ್ಟು ಬೇಕೆಂದು ಟೈರ್ ಕಂಪನಿಯ ಪಟ್ಟಿ ನೋಡಿ ಅಷ್ಟನ್ನೇ ಹಿಡಿಸಿ, ಬೆಳಿಗ್ಗೆ ತಣ್ಣಗಿರುವಾಗ. ಲಾಕ್ ರಿಂಗ್ ಚಕ್ರಕ್ಕೆ ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ. ಕೆಸರಿಗೆ ಇಳಿಯುವ ಮುಂಚೆ ಗಾಳಿ ಇಳಿಸುವ ಅಭ್ಯಾಸ ಖಾಲಿ ಗಾಡಿಗೆ, ನಡೆಯುವ ವೇಗದಲ್ಲಿ ಮಾತ್ರ ಸರಿ. ಮೇಲೆ ಬಂದ ಕೂಡಲೇ ಮತ್ತೆ ತುಂಬಿಸಿ.

ಮೊದಲ ಓಟ ಖಾಲಿ, ಎರಡನೆಯದು ಅರ್ಧ ಲೋಡ್. ಆಮೇಲೆ ಪೂರ್ತಿ ಲೋಡಿನಲ್ಲಿ ಒಂದು ಹಿಂದಿನ ಚಕ್ರವನ್ನು ಅರ್ಧ ಅಡಿ ದಿಮ್ಮಿಯ ಮೇಲೆ ನಿಧಾನ ಹತ್ತಿಸಿ ನಿಲ್ಲಿಸಿ, ಎರಡೂ ಬದಿಯಲ್ಲಿ ಟೈರ್ ಏನಕ್ಕಾದರೂ ತಾಗಿದೆಯೇ ನೋಡಿ. 50 ಕಿ.ಮೀ. ಓಡಿದ ಮೇಲೆ ನಟ್‌ಗಳಿಗೆ ಮತ್ತೆ ಟಾರ್ಕ್ ಕೊಡಿ, ಆಮೇಲೆ ಇನ್ನೊಂದು ನೂರಕ್ಕೆ, ನಂತರ ವಾರಕ್ಕೊಮ್ಮೆ. ಕಾಂಪೌಂಡಿನೊಳಗಿನ ಗಾಡಿಗೆ 50 ಕಿ.ಮೀ. ಆಗಲು ತಿಂಗಳೇ ಬೇಕಾಗಬಹುದು. ಅಂಥಲ್ಲಿ ಮೂರನೇ ದಿನಕ್ಕೆ ಮಾಡಿ. ಪ್ರತಿ ನಟ್‌ಗೂ ಡಿಸ್ಕಿಗೂ ಸೇರಿಸಿ ಬಿಳಿ ಬಣ್ಣದ ಒಂದು ಗೀಟು ಎಳೆದಿದ್ದರೆ ಕದಲಿದ್ದು ದೂರದಿಂದಲೇ ಕಾಣುತ್ತದೆ.

ನಟ್ ಸುತ್ತ ತುಕ್ಕಿನ ಕೆಂಪು ಗೆರೆ ಸೋರಿದ ಹಾಗೆ ಕಂಡರೆ ಡಿಸ್ಕ್ ಅಲುಗಾಡುತ್ತಿದೆ. ಹಬ್ ಮುಚ್ಚಳ ಕೈಯಿಟ್ಟರೆ ಸುಡುತ್ತಿದ್ದು ಇನ್ನೊಂದು ಬದಿ ಬೆಚ್ಚಗಷ್ಟೇ ಇದ್ದರೆ ಬೇರಿಂಗ್, ಇಲ್ಲವೇ ಕಚ್ಚಿದ ಬ್ರೇಕ್. ಟೈರಿನ ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ನಡು ಸವೆದರೆ ಹೆಚ್ಚು. ಒಳ ಅಂಚು ಮಾತ್ರ ಸವೆದರೆ ಹೌಸಿಂಗ್ ಬಾಗಿರಬಹುದು, ಹೆಚ್ಚಾಗಿ ಜೋಡಿಯ ಕಾಲದ ಓವರ್‌ಲೋಡಿನಿಂದಲೇ. ಒಂಟಿ ಟೈರ್ ಅದನ್ನು ಬೇಗ ತೋರಿಸುತ್ತದೆ. ಎಡ ಬಲ ಟೈರ್ ಒಂದೇ ಸವೆತದವಾಗಿರಲಿ. ಒಂದು ಹೊಸದು ಒಂದು ರಿಟ್ರೆಡ್ (ಹಳೇ ಟೈರಿಗೆ ಹೊಸ ರಬ್ಬರ್ ಹಚ್ಚಿದ್ದು) ಹಾಕಿದರೆ ನೇರ ಓಡುವಾಗಲೂ ಡಿಫರೆನ್ಷಿಯಲ್ ಸುಮ್ಮನೆ ತಿರುಗುತ್ತಲೇ ಇರುತ್ತದೆ.

ಹೊಸ ಲೋಡಿನ ಮಿತಿಯನ್ನು ಟ್ಯಾಂಕಿನ ಮೇಲೆ ದೊಡ್ಡಕ್ಷರದಲ್ಲಿ ಲೀಟರಿನಲ್ಲಿ ಬರೆಸಿ. ಡ್ರೈವರ್ ಬದಲಾಗುತ್ತಾನೆ, ಈ ಗಾಡಿ ಹಿಂದೆ ಹತ್ತು ಟನ್ ಹೊಡೆಯುತ್ತಿತ್ತು ಎಂಬ ಮಾತು ಮಾತ್ರ ಕಿವಿಯಿಂದ ಕಿವಿಗೆ ಹೋಗುತ್ತಲೇ ಇರುತ್ತದೆ. ಬಿಚ್ಚಿದ ನಾಲ್ಕು ಡಿಸ್ಕ್, ಹಳೇ ಬೋಲ್ಟು ನಟ್‌ಗಳನ್ನು ಎಣ್ಣೆ ಹಚ್ಚಿ ಒಂದೇ ಕಡೆ ಕಟ್ಟಿಡಿ. ಗಾಡಿ ಮಾರುವ ದಿನ ಜೋಡಿಗೆ ವಾಪಸ್ ತರಬೇಕಾದರೆ ಉದ್ದ ಬೋಲ್ಟು ಮತ್ತೆ ಬೇಕು. ಒಂಟಿಗೆಂದು ಹಾಕಿದ ಗಿಡ್ಡ ಬೋಲ್ಟಿನ ಮೇಲೆ ಎರಡು ಡಿಸ್ಕ್ ಕೂರಿಸಿದರೆ ನಟ್‌ಗೆ ಸಿಗುವುದು ಮೂರು ನಾಲ್ಕು ಸುತ್ತು ಥ್ರೆಡ್ ಮಾತ್ರ.